ಬೀಳ್ಕೊಟ್ಟವರು, ಬೀಳ್ಕೊಂಡವರು

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ತುಳುವಿನಲ್ಲಾದರೆ ‘ಪೋದು ಬರ್ಪೆ’. ಮರೆತು ಬರೀ ‘ಹೋಗುತ್ತೇನೆ’ ಎಂದು ಬಾಯಿಂದ ಬಂದುಬಿಟ್ಟರೆ ಮನೆಯ ಹಿರಿಯ ಹೆಂಗಸರು ಅಲ್ಲೇ ತಡೆದು, ‘ಹಾಗನ್ನಬೇಡ, ಬರ್ತೇನೆ ಅನ್ನು’ ಎಂದು ತಿದ್ದಿಸಿಯೇ ಮೆಟ್ಟಿಲು ಇಳಿಯಲು ಬಿಡುತ್ತಿದ್ದರು. ಹಿಂತಿರುಗಿ ಬರುವ ಮಾತಿಲ್ಲದ ಹೊರಡುವಿಕೆ ಎಂದರೆ ಸಾವೊಂದೇ ಎಂಬ ಅಳುಕು ಆ ತಿದ್ದುಪಡಿಯ ಹಿಂದೆ ಇತ್ತು. ಜರ್ಮನರು ಬೀಳ್ಕೊಳ್ಳುವಾಗ ಹೇಳುವ ‘ಆಫ್ ವೀಡರ್‌ಝೇನ್’ ಎಂಬ ಮಾತಿಗೂ ‘ಮತ್ತೆ ನೋಡುವ ತನಕ’ ಎಂದೇ ಅರ್ಥವಂತೆ. ಭಾಷೆ ಬೇರೆಯಾದರೂ ಹೆದರಿಕೆ ಒಂದೇ ಎಂದಾಯಿತು.

ಕನ್ನಡ ಪಾಠ ಮಾಡುವಾಗ ಮಕ್ಕಳಿಗೆ ನಾನು ಎರಡು ಪದಗಳನ್ನು ಬಿಡಿಸಿ ಹೇಳುವುದುಂಟು. ಒಂದು ಬೀಳ್ಕೊಡುವುದು, ಇನ್ನೊಂದು ಬೀಳ್ಕೊಳ್ಳುವುದು. ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ಒಂದೇ ಗಳಿಗೆಯಲ್ಲಿ ಕೊಡುವ ಕೈ ಒಂದು, ಕೊಳ್ಳುವ ಕೈ ಇನ್ನೊಂದು. ಶಾಲೆಯಲ್ಲಿ ಯಾರಿಗಾದರೂ ವರ್ಗವಾದರೆ ನಾವು ಬೀಳ್ಕೊಡುಗೆ ಸಮಾರಂಭ ಮಾಡುತ್ತೇವೆ. ಹಾರ, ಹಣ್ಣು, ಶಾಲು, ಒಂದು ಗ್ರೂಪ್ ಫೋಟೋ. ಅಲ್ಲಿ ಕೊಡುವವರು, ಕೊಳ್ಳುವವರು ಇಬ್ಬರೂ ಎದುರೆದುರು ಇರುತ್ತಾರೆ. ಆದರೆ ನಮ್ಮ ಕರಾವಳಿಯ ಚರಿತ್ರೆಯಲ್ಲಿ ನೂರಿನ್ನೂರು ವರ್ಷಗಳ ಹಿಂದೆ ನಡೆದ ಕೆಲವು ಬೀಳ್ಕೊಡುಗೆಗಳಲ್ಲಿ ಕೊಟ್ಟವರು ಯಾರು, ಕೊಂಡವರು ಯಾರು, ಕೇಳದೆಯೇ ಕಳೆದುಕೊಂಡವರು ಯಾರು ಎಂದು ಯೋಚಿಸಿದಾಗ ನನಗೆ ವ್ಯಾಕರಣ ಸಾಲದು ಅನ್ನಿಸುತ್ತದೆ. ಬಾಸೆಲ್ ಮಿಷನ್ನಿನವರ ಮಾತು ಇದು.

ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನ ಕಡೆಯವರಿಗೆ ಬಾಸೆಲ್ ಮಿಷನ್ನಿನ ಪರಿಚಯ ಬೇಕಿಲ್ಲ. ನಾವು ಓದಿದ ಶಾಲೆ, ಮನೆಯ ಮೇಲಿನ ಹೆಂಚು, ಹಿರಿಯರು ಉಟ್ಟ ಬಟ್ಟೆ, ಹಳೆಯ ಪಠ್ಯಪುಸ್ತಕದ ಮೊದಲ ಪುಟ, ಎಲ್ಲೋ ಒಂದು ಕಡೆ ಆ ಹೆಸರು ಬರುತ್ತದೆ. ಸ್ವಿಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳ ಕೊನೆಗೆ ಮಂಗಳೂರು ತಲುಪಿದರು. ಎರಡು ವರ್ಷದ ನಂತರ ಹೆರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೆಗೆ ನಾಂದಿ ಹಾಡಿದವರು ಅವರೇ. ಇವರೆಲ್ಲ ಏನು ಮಾಡಿದರೆಂದು ನಾವು ಪಾಠ ಮಾಡುತ್ತೇವೆ. ಹೇಗೆ ಹೋದರೆಂದು ಯಾವ ಪಾಠದಲ್ಲಿಯೂ ಇಲ್ಲ.

ಆ ಕಾಲದಲ್ಲಿ ಬರುವುದೇ ಒಂದು ಸಾಹಸ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕದ ತುದಿ ಸುತ್ತಿ ಬರುವ ಹಾಯಿ ಹಡಗಿಗೆ ನಾಲ್ಕೈದು ತಿಂಗಳು ಬೇಕಾಗುತ್ತಿತ್ತು. ಊರಿನಿಂದ ಕಾಗದ ಬಂತೆಂದರೆ ಅದರಲ್ಲಿದ್ದ ಕಾಯಿಲೆಯವರು ಅಷ್ಟರಲ್ಲಿ ಗುಣವಾಗಿರಬೇಕು, ಇಲ್ಲವೇ ಮಣ್ಣಾಗಿರಬೇಕು. ಹೀಗೆ ಹೊರಟ ತರುಣನ ತಂದೆ ತಾಯಿ ಮಗನ ಮುಖ ಇನ್ನು ನೋಡುವುದಿಲ್ಲ ಎಂದೇ ತಿಳಿದು ಬೀಳ್ಕೊಡುತ್ತಿದ್ದರು.

ಗಂಡಸರಿಗಾದರೂ ಹೋಗುವುದು ತಾವೇ ಆರಿಸಿಕೊಂಡ ದಾರಿ. ಹೆಂಗಸರ ವಿಷಯ ಬೇರೆ. ಮಿಷನ್ನಿನ ಆಡಳಿತ ಸಮಿತಿಯ ನಿಯಮದಂತೆ ತರುಣ ಮಿಷನರಿ ಮದುವೆಯಾಗಿ ಹೊರಡುವಂತಿರಲಿಲ್ಲ. ಕೆಲವು ವರ್ಷ ಇಲ್ಲಿ ಕೆಲಸ ಮಾಡಿದ ಮೇಲೆ ಮದುವೆಗೆ ಅಪ್ಪಣೆ ಕೇಳಿ ಬಾಸೆಲಿಗೆ ಬರೆಯಬೇಕು. ಅಪ್ಪಣೆ ಸಿಕ್ಕಿದರೆ ಅಲ್ಲಿಂದಲೇ ಹುಡುಗಿಯನ್ನು ಹುಡುಕಿ ಕಳಿಸುತ್ತಿದ್ದರು. ಎಷ್ಟೋ ಹುಡುಗಿಯರು ಗಂಡನಾಗುವವನ ಮುಖವನ್ನು ಮೊದಲ ಬಾರಿ ಕಂಡದ್ದು ಹಡಗಿನಿಂದ ಇಳಿದ ಮೇಲೆ. ಈ ‘ಮಿಷನ್ ವಧು’ಗಳ ಕಾಗದ, ದಿನಚರಿಗಳನ್ನು ಕೆದಕಿ ದಾಗ್ಮಾರ್ ಕೊನ್ರಾಡ್ ಎಂಬ ಜರ್ಮನ್ ವಿದ್ವಾಂಸೆ 2001ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಇದನ್ನು ಕೇಳಿ ನಾವು ‘ಅಯ್ಯೋ ಪಾಪ’ ಎನ್ನಬೇಕಾಗಿಲ್ಲ. ನಮ್ಮ ಅಜ್ಜಿಯಂದಿರು ಗಂಡನ ಮುಖ ನೋಡಿದ್ದು ಅಂತರಪಟ ಸರಿದ ಮೇಲೆಯೇ ಅಲ್ಲವೆ? ಆದರೆ ನಮ್ಮಜ್ಜಿಗೆ ಆಟಿ ತಿಂಗಳಿಗೆ ತವರಿತ್ತು, ಮೊದಲ ಹೆರಿಗೆಗೆ ತಾಯಿಯ ಕೈಯಿತ್ತು. ಸಮುದ್ರ ದಾಟಿ ಬಂದ ಆ ಹುಡುಗಿಯರಿಗೆ ಅದೂ ಇರಲಿಲ್ಲ.

ಅವರ ಬಾಳಿನಲ್ಲಿ ತವರಿನ ಅಗಲಿಕೆಗಿಂತ ದೊಡ್ಡದೊಂದು ಅಗಲಿಕೆ ಕಾದಿರುತ್ತಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಐದಾರು ವರ್ಷ ತುಂಬುತ್ತಲೇ ಯುರೋಪಿಗೆ ಕಳಿಸಿಬಿಡಬೇಕು. ಇಲ್ಲಿಯ ಬಿಸಿಲು, ಜ್ವರ, ವಾಂತಿಭೇದಿಯಿಂದ ಉಳಿಸುವುದು ಒಂದು ಕಾರಣ, ವಿದ್ಯಾಭ್ಯಾಸ ಇನ್ನೊಂದು. ಆಯಾಗಳ ಕೈಯಲ್ಲಿ ಬೆಳೆದು ಅವರ ಮಾತು, ಅವರ ರೀತಿಯನ್ನೇ ಕಲಿತುಬಿಟ್ಟಾರು ಎಂಬ ಅಂಜಿಕೆಯೂ ಸೇರಿತ್ತು. ಅದಕ್ಕಾಗಿ 1853ರಲ್ಲಿ ಬಾಸೆಲಿನಲ್ಲಿ ಮಿಷನರಿಗಳ ಗಂಡುಮಕ್ಕಳಿಗೆ ಒಂದು ವಸತಿಗೃಹ ತೆರೆದರು, ಹೆಣ್ಣುಮಕ್ಕಳಿಗೂ ಬೇರೆ ವ್ಯವಸ್ಥೆಯಾಯಿತು. ಊರಿಗೆ ಹೊರಟ ಯಾರೋ ಇನ್ನೊಂದು ಮಿಷನ್ ಕುಟುಂಬದ ಕೈಗೆ ಮಗುವನ್ನು ಒಪ್ಪಿಸುವುದೂ ಇತ್ತು. ಆಮೇಲೆ ಎಂಟು ಹತ್ತು ವರ್ಷ ಕಾಗದದಲ್ಲೇ ತಾಯಿ, ಕಾಗದದಲ್ಲೇ ಮಗು.

ನನ್ನ ಮಗಳು ಮದುವೆಯಾಗಿ ದೂರದೇಶಕ್ಕೆ ಹೋದ ವರ್ಷ ನಾನು ಈ ವಿಷಯಗಳನ್ನು ಓದುತ್ತಿದ್ದೆ. ಅವಳು ಇಪ್ಪತ್ತಾರರವಳು, ತಾನಾಗಿ ಹೊರಟವಳು, ಬೇಕೆಂದಾಗ ಫೋನಿನಲ್ಲಿ ಮುಖವೂ ಕಾಣುತ್ತದೆ. ಆದರೂ ಅವಳ ಕೋಣೆಯ ಬಾಗಿಲು ದಾಟುವಾಗ ಕೆಲವು ತಿಂಗಳು ನನಗೆ ಕಷ್ಟವಾಗುತ್ತಿತ್ತು. ಆರು ವರ್ಷದ ಮಗುವಿನ ಪೆಟ್ಟಿಗೆಯಲ್ಲಿ ನಾಲ್ಕು ವರ್ಷಕ್ಕಾಗುವಷ್ಟು ದೊಡ್ಡ ಅಂಗಿ ಹೊಲಿದು ಇಡುವ ತಾಯಿಯ ಮನಸ್ಸನ್ನು ಅಳೆಯಲು ನನ್ನಲ್ಲಿ ಅಳತೆಗೋಲಿಲ್ಲ.

ಇಂಥ ಒಂದು ಮಗುವಿನ ಕತೆ ಮಾತ್ರ ಲೋಕಕ್ಕೆ ತಿಳಿದಿದೆ. ಮಲಯಾಳ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಮತ್ತು ಅವರ ಹೆಂಡತಿ ಜೂಲಿ ಇದ್ದದ್ದು ತಲಚೇರಿಯಲ್ಲಿ. ಜೂಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ಅಲ್ಲಿಯೇ. 1845ರಲ್ಲಿ ತಂದೆ ತಾಯಿ ಯುರೋಪಿಗೆ ಹೋದಾಗ ಜತೆಗೆ ಹೋದ ಮಗು, ಅವರು ಮರಳಿ ಬರುವಾಗ ಅಲ್ಲಿಯೇ ಉಳಿಯಿತು. ಊರಿನ ಹೆಣ್ಣುಮಕ್ಕಳಿಗೆಲ್ಲ ಅಮ್ಮನಂತಿದ್ದ ಜೂಲಿ ತನ್ನ ಮಗಳನ್ನು ಬೇರೆಯವರ ಮನೆಯಲ್ಲಿ ಬೆಳೆಯಲು ಬಿಟ್ಟಿದ್ದರು. ಮರೀ ಭಾರತಕ್ಕೆ ಮರಳಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಾಲ್ಕು ವರ್ಷದ ಮಗುವನ್ನು ಬಿಟ್ಟುಬಂದ ತಾಯಿಗೆ ಸಿಕ್ಕಿದ್ದು ಮದುವೆಯ ವಯಸ್ಸಿಗೆ ಬಂದ ಹೆಣ್ಣು. ನಡುವಿನ ವರ್ಷಗಳನ್ನು ಯಾರು ತಂದುಕೊಟ್ಟಾರು? ಮಗಳು ತಾಯಿಯ ಶಾಲೆಯ ಕೆಲಸದಲ್ಲಿ ಕೈಜೋಡಿಸಿದಳು. ಎರಡು ವರ್ಷ ಆಗುತ್ತಿದ್ದಂತೆ 1859ರಲ್ಲಿ ಆರೋಗ್ಯ ಕೆಟ್ಟು ಗುಂಡರ್ಟ್ ಒಬ್ಬರೇ ಊರಿಗೆ ಹೋದರು. ಜೂಲಿ ಹಿಂದೆಯೇ ಹೋಗಬೇಕಾಯಿತು.

ಮರೀಯ ಮುಂದಿನ ಬಾಳೂ ಹಡಗಿನಿಂದ ಹಡಗಿಗೆ ಎಂಬಂತೆ ನಡೆಯಿತು. ಇಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತ್ಯಕ್ಕೆ ಹೋದರು. 1870ರಲ್ಲಿ ಗಂಡ ತೀರಿಕೊಂಡಾಗ ಅವರ ಮಡಿಲಲ್ಲಿ ಎರಡು ಗಂಡುಮಕ್ಕಳಿದ್ದರು. ಆಮೇಲೆ 1874ರಲ್ಲಿ ಕೈಹಿಡಿದದ್ದು ಯೊಹಾನೆಸ್ ಹೆಸ್ಸೆ ಅವರನ್ನು. ಅವರೂ ನಮ್ಮ ಮಂಗಳೂರಿನಲ್ಲಿ ದುಡಿದು, ಮೈಗೆ ಹಿಡಿಸದೆ 1873ರಲ್ಲಿ ಮರಳಿದವರೇ. ಇವರ ಮಗನೇ 1946ರಲ್ಲಿ ನೊಬೆಲ್ ಪಡೆದ ಲೇಖಕ ಹೆರ್ಮನ್ ಹೆಸ್ಸೆ. ಈ ಹೆಸ್ಸೆಯನ್ನೂ 1884ರಲ್ಲಿ, ಇನ್ನೂ ಏಳು ತುಂಬುವ ಮೊದಲು, ತುಂಟತನ ತಡೆಯಲಾರದೆ ಕೆಲಕಾಲ ಆ ಬಾಸೆಲಿನ ಗಂಡುಮಕ್ಕಳ ವಸತಿಗೃಹದಲ್ಲಿ ಇಟ್ಟಿದ್ದರು. ತಂದೆ ತಾಯಿ ಆಗ ಅದೇ ಊರಿನಲ್ಲಿದ್ದರು! ತಾಯಿ ಹುಟ್ಟಿದ ನಾಡನ್ನು ನೋಡಬೇಕೆಂದು 1911ರಲ್ಲಿ ಹಡಗು ಹತ್ತಿದ ಹೆಸ್ಸೆ ಸಿಂಹಳ, ಸಿಂಗಪುರ, ಸುಮಾತ್ರ ನೋಡಿ, ತಲಚೇರಿಯನ್ನು ಕಾಣದೆಯೇ ಹಿಂತಿರುಗಿದರು. ‘ಸಿದ್ಧಾರ್ಥ’ ಬರೆದ ಮನುಷ್ಯ ಭಾರತದ ನೆಲ ಮೆಟ್ಟಲಿಲ್ಲ ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಗುಂಡರ್ಟ್ ಹೋದ 1859ರಲ್ಲಿಯೇ ಹೆಬಿಕ್ ಅವರೂ ಹೋದರು. ಅವರಿಗೆ ಹೆಂಡತಿ ಮಕ್ಕಳಿಲ್ಲ. ಇಪ್ಪತ್ತೈದು ವರ್ಷ ಇಲ್ಲಿ ಕಳೆದು, ಮೈ ಜರ್ಝರಿತವಾದ ಮೇಲೆ ಹೊರಟವರು ಮತ್ತೆ ಬರಲಿಲ್ಲ. ಮರುವರ್ಷ, 1860ರಲ್ಲಿ, ಮೋಗ್ಲಿಂಗ್. ಹೀಗೆ ಒಂದೆರಡು ವರ್ಷದೊಳಗೆ ಮೊದಲ ತಲೆಮಾರಿನ ದೊಡ್ಡವರೆಲ್ಲ ಖಾಲಿಯಾದರು.

ಮೋಗ್ಲಿಂಗ್ ಹೊರಟದ್ದು ತಮಗಾಗಿ ಅಲ್ಲ, ಹೆಂಡತಿ ಪೌಲೀನ್‌ಗಾಗಿ. ಪೌಲೀನ್ ಮೊದಲು ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ ಅವರ ಮಡದಿ. ಕನ್ನಡ ಬೈಬಲ್ ಭಾಷಾಂತರದಲ್ಲಿ ದುಡಿದ ವೈಗ್ಲೆ 1855ರಲ್ಲಿ ತೀರಿಕೊಂಡರು. ಸಣ್ಣ ಮಕ್ಕಳ ತಾಯಿಯಾಗಿದ್ದ ಪೌಲೀನ್ ಅವರನ್ನು ಮೋಗ್ಲಿಂಗ್ ಮದುವೆಯಾದರು. ಕೊಡಗಿನಲ್ಲಿ ಸಂಸಾರ. ಆನಂದಪುರದಲ್ಲಿ, ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಒಂದು ಹಳ್ಳಿಯನ್ನೇ ನೆಲೆಗೊಳಿಸುವ ಕೆಲಸ. ಅಷ್ಟರಲ್ಲಿ ಪೌಲೀನ್ ಹಾಸಿಗೆ ಹಿಡಿದರು. ಬದುಕಬೇಕಾದರೆ ಈ ಹವೆ ಬಿಡಬೇಕು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದ, ಕನ್ನಡದಲ್ಲಿಯೇ ಯೋಚಿಸುತ್ತಿದ್ದರೇನೋ ಎನ್ನುವಂತಿದ್ದ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿದರು. 1881ರಲ್ಲಿ ತೀರಿಕೊಳ್ಳುವ ತನಕ ಅವರು ಮತ್ತೆ ಕನ್ನಡನಾಡು ನೋಡಲಿಲ್ಲ. ಜರ್ಮನಿಯಲ್ಲಿ ಕುಳಿತು ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. ಬಿಟ್ಟುಬಂದ ಊರನ್ನು ಮರೆಯಲಾಗದವರು ಅದರ ಹಾಡುಗಳನ್ನು ಹಿಡಿದುಕೊಳ್ಳುತ್ತಾರೆ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲಾರೆ. ಅವರು ಹೋದರು, ಅವರನ್ನು ನಂಬಿ ನಿಂತವರ ಗತಿ? ಮಿಷನ್ನಿನ ಮತಪ್ರಚಾರದ ಬಗ್ಗೆ ನಮ್ಮಲ್ಲಿ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು, ಆ ವಾದ ಇಲ್ಲಿ ಬೇಡ. ಆದರೆ ಮತ ಬಿಟ್ಟವರಿಗೆ ಮನೆ, ಜಾತಿ, ಪಾಲುಪಟ್ಟಿ ಎಲ್ಲವೂ ತಪ್ಪಿಹೋಗುತ್ತಿದ್ದ ಕಾಲ ಅದು. ಅವರ ಪಾಲಿಗೆ ಮಿಷನ್ ಬಂಗಲೆಯ ಅಯ್ಯನೂ ಅಮ್ಮನೂ ತಂದೆ ತಾಯಿಯ ಸ್ಥಾನದಲ್ಲಿದ್ದವರು. ಮಂಗಳೂರಿನ ಸಾರಸ್ವತ ಮನೆತನದ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದಾಗ ಊರೇ ಎದ್ದು ನಿಂತಿತ್ತು. 1846ರಲ್ಲಿ ಮೋಗ್ಲಿಂಗ್ ಅವರೇ ಅವನನ್ನು ಬಾಸೆಲಿಗೆ ಕರೆದೊಯ್ದರು. ಐದು ವರ್ಷ ಓದಿ, ದೀಕ್ಷೆ ಪಡೆದು, 1851ರಲ್ಲಿ ಕೌಂಡಿನ್ಯರು ಮರಳಿದರು. ಮಂಗಳೂರಿನಿಂದ ಹೊರಟು ಬಾಸೆಲಿನಿಂದ ‘ಹೋಗಿ ಬರುತ್ತೇನೆ’ ಎಂದು ತಾಯ್ನಾಡಿಗೆ ಬಂದ ಮಿಷನರಿ ಅವರು. ಮೋಗ್ಲಿಂಗ್ 1860ರಲ್ಲಿ ಹೊರಟಾಗ ಇಲ್ಲೇ ಉಳಿದು ಕೆಲಸ ನಡೆಸಿ, 1893ರಲ್ಲಿ ಇಲ್ಲೇ ಮಣ್ಣಾದರು. ಆ ಅಗಲಿಕೆಯನ್ನು ಬಲ್ಲವರು ಅವರಿಬ್ಬರೇ.

ಕೌಂಡಿನ್ಯರ ಹೆಸರಾದರೂ ದಾಖಲೆಯಲ್ಲಿದೆ. ಬಂಗಲೆಯ ಮಗುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಆಯಾ, ಹೊಲಿಗೆ ಕಲಿಯಲು ಬಂದ ಹುಡುಗಿ, ಮೊದಲ ಬಾರಿ ಸ್ಲೇಟು ಹಿಡಿದ ವಿಧವೆ, ಇವರು ಬೀಳ್ಕೊಟ್ಟ ದಿನದ ಬಗ್ಗೆ ತಾವಾಗಿ ಬರೆದಿಟ್ಟದ್ದು ಎಷ್ಟಿದ್ದೀತು? ಹೋದವರ ಕಾಗದಗಳು ಬಾಸೆಲಿನ ದಾಖಲೆಮನೆಯಲ್ಲಿ ಇವತ್ತೂ ಭದ್ರವಾಗಿವೆ. ಉಳಿದವರ ಮಾತು ಉಳಿಯಲಿಲ್ಲ. ಆರು ವರ್ಷ ತನ್ನ ಕೈತುತ್ತು ತಿಂದು, ತನ್ನ ಮಾತಿನಲ್ಲೇ ಹಠ ಮಾಡುತ್ತಿದ್ದ ಮಗು ದೋಣಿ ಹತ್ತಿದಾಗ ಆ ಆಯಾ ಬಂದರಿನ ಮರಳಿನಲ್ಲಿ ಎಷ್ಟು ಹೊತ್ತು ನಿಂತಿದ್ದಳೋ! ಹೆತ್ತ ತಾಯಿಗೆ ಕಾಗದವಾದರೂ ಬರುತ್ತಿತ್ತು. ಇವಳಿಗೆ ಬರೆಯುವವರು ಯಾರು? ಆ ಮಗುವಿಗೂ ಒಂದೆರಡು ವರ್ಷದಲ್ಲಿ ಕಲಿತ ತುಳುವೋ ಕನ್ನಡವೋ ಮರೆತುಹೋಗಿರುತ್ತದೆ.

ಎಲ್ಲರೂ ಬಲ್ಲ ಕಿಟೆಲ್ ಅವರ ಮಾತಿಗೆ ಬರುತ್ತೇನೆ. 1832ರಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ಕಟ್ಟಿಕೊಂಡ ಮೊದಲ ಹೆಂಡತಿಯ ಹೆಸರೂ ಪೌಲೀನ್. ಮದುವೆಯಾದ ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿ ಕಿಟೆಲರ ಕೈಹಿಡಿದು ಬಂದರು. ಅಕ್ಕ ಸತ್ತ ದೇಶಕ್ಕೆ, ಅಕ್ಕನ ಮನೆಯನ್ನು ನಡೆಸಲು ತಂಗಿ ಬರುವುದು ನಮಗೆ ಹೊಸದಲ್ಲ. ಇಂಥ ಮದುವೆಗಳನ್ನು ನಮ್ಮ ಮನೆಗಳಲ್ಲೂ ನೋಡಿದ್ದೇವೆ.

1877ರಲ್ಲಿ ಕಿಟೆಲ್ ಸಂಸಾರ ಸಮೇತ ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸ ಅಲ್ಲಿಯೂ ನಡೆದಿತ್ತು. ಗುಂಡರ್ಟ್ ತಮ್ಮ ಮಲಯಾಳ ನಿಘಂಟನ್ನು ಊರಿಗೆ ಹೋದ ಮೇಲೆಯೇ ಪೂರೈಸಿದ್ದರು, 1872ರಲ್ಲಿ ಅದು ಅಚ್ಚಾಗಿತ್ತು. ಕಿಟೆಲರಿಗೆ ಅದು ಸಾಲದಾಯಿತು. ಪದದ ಅರ್ಥ ತಿಳಿಯಲು ಪದ ಆಡುವವರ ಬಾಯಿ ಬೇಕು, ಓಲೆಗರಿ ಬೇಕು, ಪಂಡಿತರ ನೆರವು ಬೇಕು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಮತ್ತೆ ಬಂದರು. ಹಿಂತಿರುಗಿದ್ದು 1892ರಲ್ಲಿ. ಒಂಬತ್ತು ವರ್ಷ! 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಸುಮಾರು 70 ಸಾವಿರ ಪದಗಳ ಆ ಮಹಾ ನಿಘಂಟು ಅಚ್ಚಾಗಿ ಹೊರಬಂತು. ಕಿಟೆಲ್ ಆಗ ಜರ್ಮನಿಯಲ್ಲಿದ್ದರು. 1903ರಲ್ಲಿ ಕನ್ನಡ ವ್ಯಾಕರಣವೂ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು.

ಅವರ ತ್ಯಾಗವನ್ನು ನಾವು ಭಾಷಣಗಳಲ್ಲಿ ಹೊಗಳುತ್ತೇವೆ, ಹೊಗಳಬೇಕಾದದ್ದೇ. ಬೆಂಗಳೂರಿನ ಆಸ್ಟಿನ್ ಟೌನಿಗೆ ಕಿಟೆಲ್ ನಗರ ಎಂದೂ, ಧಾರವಾಡದ ಕಾಲೇಜಿಗೆ ಕಿಟೆಲ್ ಹೆಸರನ್ನೂ ಇಟ್ಟಿದ್ದೇವೆ. ಆದರೆ ಆ ಒಂಬತ್ತು ವರ್ಷ ಅಲ್ಲಿ ಮಕ್ಕಳ ಜ್ವರ, ಶಾಲೆಯ ಫೀಸು, ಚಳಿಗಾಲದ ಸೌದೆ, ಬಂಧುಗಳ ಮಾತು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಜೂಲಿಯ ಹೆಸರು ಯಾವ ಬೀದಿಗಿದೆ? 1877ರಲ್ಲಿ ಸಂಸಾರ ಊರು ಸೇರಿದಾಗ ಆಕೆ ‘ಇನ್ನು ಅಗಲುವುದಿಲ್ಲ’ ಎಂದುಕೊಂಡಿರಬೇಕು. ಆರು ವರ್ಷದ ನಂತರ ಅದೇ ಗಂಡನನ್ನು ಮತ್ತೆ ಬೀಳ್ಕೊಡಬೇಕಾಯಿತು, ಅದೂ ಒಂದು ಭಾಷೆಯ ಶಬ್ದಗಳಿಗಾಗಿ. ಸವತಿಯಾದರೆ ಜಗಳವಾದರೂ ಆಡಬಹುದು, ನಿಘಂಟಿನೊಡನೆ ಯಾರು ಜಗಳವಾಡುತ್ತಾರೆ? ಕನ್ನಡಿಗರು ತೀರಿಸಬೇಕಾದ ಸಾಲದ ಲೆಕ್ಕದಲ್ಲಿ ಆಕೆಯ ಪಾಲೂ ಇದೆ ಎಂದು ನಾನು ತಿಳಿದಿದ್ದೇನೆ.

ಇವರೆಲ್ಲ ಸ್ವಂತ ಇಚ್ಛೆಯಿಂದಲೋ ಕಾಯಿಲೆಯಿಂದಲೋ ಹೋದವರು. ಕೊನೆಯದಾಗಿ ಹೋದವರನ್ನು ಸರಕಾರವೇ ಕಳಿಸಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದದ್ದೇ, ಎಂಬತ್ತು ವರ್ಷದಿಂದ ಇಲ್ಲಿ ಶಾಲೆ, ಆಸ್ಪತ್ರೆ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಸಂಸ್ಥೆಯ ಜರ್ಮನರು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಗಳಾದರು. ಗಂಡಸರನ್ನು ಹಿಡಿದು ಅಹಮದ್‌ನಗರದ ಸೆರೆ ಶಿಬಿರಕ್ಕೆ ಹಾಕಿದರು. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಎರಡು ಸಲ ಹೆಂಗಸರು, ಮಕ್ಕಳು, ಪಾದ್ರಿಗಳು ಎಂದು ನೂರಾರು ಜರ್ಮನರನ್ನು ಈ ದೇಶದಿಂದ ತುಂಬಿಕೊಂಡು ಹೋಯಿತು. ಹಡಗಿನ ಹೆಸರು ನಮ್ಮ ಕೋಟೆಯದೇ ಆಗಿದ್ದದ್ದು ವಿಧಿಯ ಪರಿಹಾಸ್ಯ. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಇದೇ ನೆಲದಲ್ಲಿ ಹುಟ್ಟಿದ ಮಕ್ಕಳೂ ಆ ಹಡಗುಗಳಲ್ಲಿದ್ದರು. ತಾವು ಶತ್ರುಗಳಾದದ್ದು ಯಾವಾಗ ಎಂದು ಅವರಿಗೆ ಯಾರು ತಿಳಿಹೇಳಿದರೋ.

ಒಂದು ವಿಚಿತ್ರ ಗಮನಿಸಿ. ಇಷ್ಟು ದಿನ ದೂರದ ಸಮಿತಿಯ ಅಪ್ಪಣೆಯಂತೆ ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡುತ್ತಿದ್ದರು. ಈಗ ಸರಕಾರದ ಅಪ್ಪಣೆಯಂತೆ ತಾಯಿ ಮಕ್ಕಳು ಒಂದೇ ಹಡಗಿನಲ್ಲಿ ಹೋದರು, ಊರಿನವರು ಬೇರೆಯಾದರು. ಅಪ್ಪಣೆ ಯಾರದೇ ಇರಲಿ, ಹೆಂಗಸರನ್ನು ಕೇಳಿ ಕೊಟ್ಟದ್ದಲ್ಲ.

ಆದರೂ ಆ ಹೆಂಗಸರನ್ನು ಬರೀ ಅಳುವ ಗೊಂಬೆಗಳೆಂದು ತಿಳಿದರೆ ನಾವು ಅವರಿಗೆ ಅನ್ಯಾಯ ಮಾಡಿದಂತೆ. ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಿ ಓದಿಗೆ ಕೂರಿಸಿದ ಕೈಗಳು ಅವು. ಅಗಲಿಕೆಯ ಬೆಲೆ ಗೊತ್ತಿದ್ದೂ ಕೊಟ್ಟವರು ಅವರಲ್ಲಿ ಬಹಳ ಮಂದಿ ಇದ್ದರು. ಚರಿತ್ರೆ ಆ ಬೆಲೆಯನ್ನು ಬರೆದಿಡಲಿಲ್ಲ ಎಂಬುದಷ್ಟೇ ನನ್ನ ದೂರು. ಇಸವಿ, ಸ್ಥಾಪನೆ, ಸಾಧನೆ ಎಂದು ಕಪ್ಪುಹಲಗೆಯ ಮೇಲೆ ಬರೆಯುವ ನಮ್ಮಂಥವರೂ ಅದನ್ನು ಬಿಟ್ಟೇ ಬರೆಯುತ್ತ ಬಂದಿದ್ದೇವೆ.

ಮಂಗಳೂರು, ಧಾರವಾಡಗಳ ಕಡೆ ಹೋದಾಗ ಮಿಷನ್ನಿನ ಹಳೆಯ ಗೋರಿಗಳಿರುವಲ್ಲಿ ಒಂದು ಗಳಿಗೆ ನಿಂತು ನೋಡಿ. ದೊಡ್ಡ ಹೆಸರುಗಳ ಕಲ್ಲುಗಳ ನಡುವೆ ಸಣ್ಣ ಕಲ್ಲುಗಳು ಕಾಣುತ್ತವೆ, ಮಕ್ಕಳವು. ಪಕ್ಕದಲ್ಲಿ ಎಷ್ಟೋ ಸಲ ತಾಯಿಯ ಕಲ್ಲೂ ಇರುವುದಿಲ್ಲ. ತಾಯಿ ಯಾವುದೋ ವರ್ಷ ಹಡಗು ಹತ್ತಿರುತ್ತಾಳೆ, ಮಗು ಇಲ್ಲೇ ಉಳಿದಿರುತ್ತದೆ. ಆ ಕಲ್ಲಿನ ಮೇಲೆ ಪಾಚಿ ಕಟ್ಟಿದ್ದರೆ ಕೈಯಿಂದ ಸರಿಸಿ ಹೆಸರು ಓದಿ. ಓದಲು ಯಾರಾದರೂ ಬರಲೆಂದೇ ಕೆತ್ತಿಸಿ ಹೋಗಿರುತ್ತಾರೆ.